ನೀವು ಕೂರುತ್ತೇನೆಂದ ಹಿಂದಿನ ಬೆಂಚು: ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳೇ,

ನಮ್ಮ ಪ್ರೌಢಶಾಲೆಯ ಸಮಾಜ ವಿಜ್ಞಾನ ತರಗತಿಯ ವಿಚಾರವಾಗಿ ಮನವಿ ಕೊಟ್ಟದ್ದಾಯಿತು, ಕಚೇರಿಗೆ ಬಂದು ಕಾದದ್ದಾಯಿತು, ಎಸ್‌ಡಿಎಂಸಿ ಠರಾವಿನ ಪ್ರತಿ ಕಳಿಸಿದ್ದೂ ಆಯಿತು. ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಮಾಷ್ಟ್ರು ಬರೆಯುವಂತಿಲ್ಲ, ಸರ್ಕಾರಿ ನೌಕರರ ನಡತೆ ನಿಯಮ ಅವರ ಬಾಯಿ ಕಟ್ಟಿದೆ. ಪೋಷಕನಾದ ನನಗೆ ಆ ಕಟ್ಟಿಲ್ಲ.

ನಡೆದದ್ದು ತಾಲ್ಲೂಕಿಗೆಲ್ಲ ಗೊತ್ತು. ಹತ್ತನೇ ತರಗತಿ, ಮೈಸೂರು ಯುದ್ಧಗಳ ಪಾಠ, ಮೊಬೈಲುಗಳಲ್ಲಿ ಹರಿದಾಡಿದ ಅರ್ಧ ನಿಮಿಷದ ವಿಡಿಯೊ. ಮಾಷ್ಟ್ರು ಟಿಪ್ಪುವನ್ನು ಹೊಗಳಿದರೆಂದು ಒಂದು ಗುಂಪು, ತೆಗಳಿದರೆಂದು ಇನ್ನೊಂದು. ನೀವು ಶಾಲೆಗೆ ಬಂದಿರಿ, ಮಕ್ಕಳ ನೋಟ್ ಪುಸ್ತಕಗಳನ್ನು ಪರಿಶೀಲನೆಗೆಂದು ಒಯ್ದಿರಿ. ಹೊರಡುವ ಮುನ್ನ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ನಮ್ಮೆಲ್ಲರ ಎದುರು, "ನಾನೇ ಬಂದು ಒಂದು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಪಾಠ ಕೇಳಿದ ಮೇಲೆಯೇ ತೀರ್ಮಾನ" ಎಂದಿರಿ. ಆ ಮಾತಿಗೆ ನಾವು ಕೈಮುಗಿದೆವು. ನೀವು ಬರಲಿಲ್ಲ. ಮಾಷ್ಟ್ರಿಗೆ ನೋಟಿಸು ಬಂತು: ಪಠ್ಯಪುಸ್ತಕದಲ್ಲಿಲ್ಲದ ಯಾವ ದಾಖಲೆಯನ್ನೂ ತರಗತಿಗೆ ತರಕೂಡದು, ಚರ್ಚೆ ನಡೆಸಕೂಡದು.

ಮಗಳ ಪುಸ್ತಕ ನಿಮ್ಮ ಕಚೇರಿ ಸೇರುವ ಮುನ್ನ ನಾನು ಓದಿದ್ದೆ. ಪುಟದ ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಎಡಕ್ಕೆ ಶೃಂಗೇರಿ: 1791ರಲ್ಲಿ ಮರಾಠರ ದಂಡು ಮಠವನ್ನು ಲೂಟಿ ಮಾಡಿದ ಮೇಲೆ ಟಿಪ್ಪು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು, ಶಾರದೆಯ ಮರುಪ್ರತಿಷ್ಠೆಗೆ ಕೊಟ್ಟ ನೆರವು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಸಂಸ್ಥಾನದ ಪುರಾತತ್ವ ನಿರ್ದೇಶಕ ಆರ್. ನರಸಿಂಹಾಚಾರ್. ಬಲಕ್ಕೆ ನಮ್ಮದೇ ಕರಾವಳಿ: 1784ರಲ್ಲಿ ಕ್ರೈಸ್ತರನ್ನು ಮನೆಮಾರು ಬಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು. ಅದರ ಕೆಳಗೆ ಟಿಪ್ಪುವಿನ ಸೆರೆಯಲ್ಲಿ ವರ್ಷಗಟ್ಟಲೆ ಇದ್ದ ಬ್ರಿಟಿಷ್ ನಾವಿಕ ಜೇಮ್ಸ್ ಸ್ಕರಿಯ ನೆನಪುಗಳು, 1824ರಲ್ಲಿ ಅಚ್ಚಾದವು. ಒಂದನ್ನು ಬರೆಸಿದವನು ಅರಸ, ಇನ್ನೊಂದು ಅಚ್ಚಾದದ್ದು ಗೆದ್ದವರ ನಾಡಿನಲ್ಲಿ. ಎರಡಕ್ಕೂ ಮಾಷ್ಟ್ರು ಒಂದೇ ಪ್ರಶ್ನೆಗಳನ್ನು ಕೇಳಿಸಿದ್ದರು: ಬರೆದವರು ಯಾರು, ಯಾವಾಗ, ಯಾರು ಓದಲೆಂದು? ಸೆರೆಯಾದವರ ಲೆಕ್ಕ ಒಂದೊಂದು ಬರಹದಲ್ಲಿ ಒಂದೊಂದು ಥರ ಏಕೆ?

ಕೊಂಕಣಿ ಮನೆಮಾತಿನ ಹುಡುಗಿಯೊಬ್ಬಳು ತನ್ನ ಅಜ್ಜಿ ಹೇಳುತ್ತಿದ್ದ ಸೆರೆಯ ಕಥೆ ಹೇಳಿದಳಂತೆ. ಬ್ಯಾರಿ ಹುಡುಗನೊಬ್ಬ ಎದ್ದು, "ಶೃಂಗೇರಿಗೆ ಅಷ್ಟು ಮಾಡಿದವನು ಇವರಿಗೆ ಹೀಗೇಕೆ ಮಾಡಿದ ಸಾರ್?" ಎಂದನಂತೆ. ಮಾಷ್ಟ್ರು ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದರು. ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿ, ಇನ್ನೂ ಆರದ ಯುದ್ಧ, ಹೀಗೆ ಮಕ್ಕಳೇ ಕಾರಣ ಹುಡುಕಿದರು. ಕಾರಣ ತಿಳಿದ ಮಾತ್ರಕ್ಕೆ ಮಾಡಿದ್ದು ಸರಿಯಾಗುವುದಿಲ್ಲ ಎಂದೂ ಅವರೇ ಬರೆದುಕೊಂಡರು. ಹರಿದಾಡಿದ ವಿಡಿಯೊದಲ್ಲಿ ಇರುವುದು ಹುಡುಗನ ಪ್ರಶ್ನೆಯವರೆಗೆ ಮಾತ್ರ.

ಇದರಲ್ಲಿ ತಪ್ಪೇನು, ಹೇಳಿ. ದಿನಾ ಬೆಳಗ್ಗೆ ಶಾಲೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತೀರಿ. ಧರ್ಮ, ಭಾಷೆಯ ಭೇದ ಮೀರಿ ಸೋದರಭಾವ ಬೆಳೆಸುವುದು, ಪ್ರಶ್ನಿಸಿ ತಿಳಿಯುವ ಮನೋಭಾವ ಬೆಳೆಸಿಕೊಳ್ಳುವುದು, ಎರಡೂ ಪ್ರಜೆಯ ಕರ್ತವ್ಯವೆಂದು ಅದೇ ಸಂವಿಧಾನದ 51ಎ ವಿಧಿ ಹೇಳುತ್ತದೆ. ಆ ಎರಡೂ ಒಟ್ಟಿಗೆ ನಡೆದ ತರಗತಿಯನ್ನು ನೀವು ನಿಲ್ಲಿಸಿದಿರಿ.

ಮೇಲಿನವರದೂ ಇದೇ ಹಾಡು. 2015ರಲ್ಲಿ ಸರ್ಕಾರಿ ಟಿಪ್ಪು ಜಯಂತಿ, 2019ರಲ್ಲಿ ರದ್ದು. 2022ರಲ್ಲಿ ಪಠ್ಯ ಪರಿಷ್ಕರಣೆ, 2023ರಲ್ಲಿ ಅದರ ಮರುಪರಿಷ್ಕರಣೆ. ಯಾರನ್ನು ಸೇರಿಸಬೇಕು, ಯಾರನ್ನು ಕೈಬಿಡಬೇಕು ಎಂಬ ಬಡಿದಾಟದಲ್ಲಿ, ಒಂದು ದಾಖಲೆಯನ್ನು ತೂಗಿ ನೋಡಲು ಮಗು ಕಲಿಯಿತೇ ಎಂದು ಕೇಳುವವರಿಲ್ಲ. ಮಾಷ್ಟ್ರುಗಳನ್ನು ಗಣತಿಗೆ, ಮತದಾರರ ಪಟ್ಟಿಗೆ ಓಡಿಸುತ್ತೀರಿ. ಉಳಿದ ಹೊತ್ತಿನಲ್ಲಿ ಪಾಸಿಂಗ್ ಪ್ಯಾಕೇಜ್ ಉರುಹೊಡೆಸಿ ಎನ್ನುತ್ತೀರಿ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬುದೊಂದೇ ನಿಮ್ಮ ಚಿಂತೆ. ಇಸವಿಗಳನ್ನು ಬಾಯಿಪಾಠ ಒಪ್ಪಿಸಿ ಪಾಸಾದ ಹುಡುಗ, ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನೇ ಇತಿಹಾಸವೆಂದು ನಂಬಿ ನೆರೆಮನೆಯವನ ಮೇಲೆ ಕೈಯೆತ್ತಿದರೆ ಹೊಣೆ ಯಾರದು? ಕರಾವಳಿಯಲ್ಲಿ ಇದು ಊಹೆಯ ಮಾತಲ್ಲವೆಂದು ನಿಮಗೂ ಗೊತ್ತು.

ಆದರೂ ನನ್ನನ್ನು ಚುಚ್ಚುತ್ತಿರುವುದು ಆ ಒಂದು ಮಾತೇ. ನೀವು ಬರುತ್ತೀರೆಂದು ಮಕ್ಕಳು ಹಿಂದಿನ ಬೆಂಚಿನಲ್ಲಿ ಜಾಗ ಬಿಟ್ಟು ಕೂರುತ್ತಿದ್ದರು. ಎಲ್ಲರ ಮಾತು ಕೇಳದೆ ತೀರ್ಪು ಕೊಡಬಾರದೆಂದು ಅವರಿಗೆ ಮಾಷ್ಟ್ರು ಕಲಿಸುತ್ತಿದ್ದರು. ನೀವು ಯಾರ ಮಾತನ್ನೂ ಕೇಳಲಿಲ್ಲ, ಅರ್ಧ ನಿಮಿಷದ ವಿಡಿಯೊ ನೋಡಿ ಸಹಿ ಹಾಕಿದಿರಿ. ಯಾರ ಒತ್ತಡಕ್ಕೆ ಮಣಿದಿರಿ? ಉಳಿಸಿಕೊಳ್ಳಲು ಆಗದ ಮಾತನ್ನು ಮಕ್ಕಳಿಗೆ ಏಕೆ ಕೊಟ್ಟಿರಿ?

ನೋಟಿಸನ್ನು ಲಿಖಿತವಾಗಿ ಹಿಂದಕ್ಕೆ ಪಡೆಯಿರಿ. ನೋಟ್ ಪುಸ್ತಕಗಳನ್ನು ಈ ವಾರವೇ ವಾಪಸು ಕಳಿಸಿ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತು, ಉಳಿದ ಪಾಠಗಳ ಟಿಪ್ಪಣಿಯೂ ಅವುಗಳಲ್ಲೇ ಇದೆ. ಸಮಾಜ ವಿಜ್ಞಾನದ ಪೀರಿಯಡ್ ಮಧ್ಯಾಹ್ನದ ಊಟ ಮುಗಿದ ಕೂಡಲೇ ಇರುತ್ತದೆ. ಯಾವ ದಿನ ಬರುತ್ತೀರೆಂದು ಮುಖ್ಯ ಶಿಕ್ಷಕರಿಗೆ ತಿಳಿಸಿ.

ಇಂತಿ,
ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ, ಎಸ್‌ಡಿಎಂಸಿ ಸದಸ್ಯ