ನಾದುವಿಕೆಯೇ ರೊಟ್ಟಿಯ ಹದ

ತಟ್ಟುವಾಗ ಹರಿಯುತ್ತದೆ ಎಂಬ ಕಾರಣಕ್ಕೆ ಜೋಳದ ಹಿಟ್ಟಿಗೆ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸುವ ರೂಢಿಯನ್ನು ಈಚೆಗೆ ಅನೇಕ ಮನೆಗಳಲ್ಲಿ ಕಾಣುತ್ತಿದ್ದೇವೆ. ಇದರಿಂದ ಕೆಲಸ ಹಗುರವಾಗುವುದು ನಿಜ. ಆದರೆ ಹರಿಯುವ ಹಿಟ್ಟಿಗೆ ಬೇಕಾದುದು ಮೈದಾ ಅಲ್ಲ. ಕುದಿಯುವ ಎಸರು ಮತ್ತು ಸಾಕಷ್ಟು ನಾದುವಿಕೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಉಂಟು. ನೀರು ಸೇರಿಸಿ ನಾದಿದಂತೆಲ್ಲ ಅದು ಬಲೆಯಂತೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಚೆನ್ನಾಗಿ ನಾದಿದ ಗೋಧಿ ಹಿಟ್ಟನ್ನು ಬೆರಳಿನಿಂದ ಒತ್ತಿದರೆ ಕುಳಿ ನಿಧಾನವಾಗಿ ಮೇಲೇಳುತ್ತದೆ. ಜೋಳದಲ್ಲಿ ಈ ಗುಣವಿಲ್ಲ. ಎಸರಿನ ಬಿಸಿಗೆ ಅದರ ಪಿಷ್ಟ ಮೆತ್ತಗಾಗಿ ಜಿಗಿ ಬರುತ್ತದೆ. ನಾದುವಿಕೆ ಆ ಜಿಗಿಯನ್ನು ಹಿಟ್ಟಿನ ತುಂಬ ಸಮನಾಗಿ ಹರಡುತ್ತದೆ. ಆದುದರಿಂದ ಜೋಳದ ಹಿಟ್ಟಿನ ಹದವನ್ನು ಬೇರೆ ರೀತಿಯಲ್ಲಿಯೇ ಅರಿಯಬೇಕು.

ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುವಾಗ ಮೊದಲು ಹಿಟ್ಟು ಪುಡಿಪುಡಿಯಾಗಿ ಒಡೆಯುತ್ತದೆ. ಆಗ ಕೈಗೆ ನೀರು ಹಚ್ಚಿಕೊಂಡು ಮುಂದುವರಿಸಬೇಕು. ಮೈ ನುಣುಪಾಗಿ, ಪರಾತಕ್ಕೆ ಅಂಟದೆ ಒಂದೇ ಮುದ್ದೆಯಾದಾಗ ಚಿಕ್ಕ ಉಂಡೆ ಮಾಡಿ ಅಂಗೈಯಲ್ಲಿ ಚಪ್ಪಟೆಯಾಗಿ ಒತ್ತಿ ನೋಡಿ. ಅಂಚು ಬಿರಿಯದಿದ್ದರೆ ಹದ ಬಂದಿದೆ. ಬಿರಿದರೆ ಇನ್ನಷ್ಟು ನಾದಬೇಕು. ಗೋಧಿ ಹಿಟ್ಟು ಅರ್ಧ ಗಂಟೆ ನೆನೆದರೆ ಮೃದುವಾಗುತ್ತದೆ. ಜೋಳದ್ದು ಹಾಗೆಯೇ ಬಿಟ್ಟರೆ ಆರಿ ಒಡೆಯುತ್ತದೆ. ಒಂದೆರಡು ರೊಟ್ಟಿಗೆ ಸಾಲುವಷ್ಟನ್ನೇ ನಾದಿ ಕೂಡಲೇ ತಟ್ಟುವ ಹಿರಿಯರ ಕ್ರಮಕ್ಕೆ ಇದೇ ಕಾರಣ. ಬಹಳ ದಿನ ಇಟ್ಟ ಹಿಟ್ಟಿಗೆ ಜಿಗಿ ಕಡಿಮೆ. ಆಗಾಗ ಸ್ವಲ್ಪಸ್ವಲ್ಪವೇ ಬೀಸಿಸಿಕೊಳ್ಳುವುದು ಲೇಸು.

ಇದು ಕೇವಲ ರುಚಿಯ ಮಾತಲ್ಲ. ಸೀಲಿಯಾಕ್ ಕಾಯಿಲೆಯುಳ್ಳವರಿಗೆ ಗ್ಲುಟೆನ್ ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತದೆ. ಅವರು ಜೀವನಪರ್ಯಂತ ಗೋಧಿಯನ್ನು ವರ್ಜಿಸಬೇಕು. ಅಂಥವರು ಜೋಳದ ರೊಟ್ಟಿ ಎಂದು ನಂಬಿ ಉಂಡುದರಲ್ಲಿ ಗೋಧಿಯೋ ಮೈದಾವೋ ಇದ್ದರೆ ಅದು ಅವರಿಗೆ ಆಹಾರವಲ್ಲ, ಅಪಾಯ. ಉಳಿದವರಿಗೂ ನಷ್ಟವುಂಟು, ನಾರಿನಂಶವುಳ್ಳ ಇಡೀ ಕಾಳಿನ ಹಿಟ್ಟಿನ ಸ್ಥಾನವನ್ನು ತವುಡು ತೆಗೆದ ಮೈದಾ ಆಕ್ರಮಿಸುತ್ತದೆ. ಅಂಗಡಿಯಿಂದ ರೊಟ್ಟಿ ತರುವವರು ಬೆರಕೆ ಇದೆಯೇ ಎಂದು ಕೇಳಿ ತಿಳಿಯುವುದು ಅವಶ್ಯ. ಬೆರಸಿ ಮಾರುವವರು ಅದನ್ನು ಮರೆಮಾಚದೆ ಹೇಳುವುದು ಧರ್ಮ.

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆದರೆ ಜೋಳ ಉಳಿಯುವುದು ಘೋಷಣೆಯಿಂದಲ್ಲ, ನಾದಬಲ್ಲ ಕೈಗಳಿಂದ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಬರುವ ಲಕ್ಷಾಂತರ ರೊಟ್ಟಿಗಳ ಹಿಂದೆ ಅಂಥ ಕೈಗಳ ಕಾಯಕವಿದೆ. ಆ ಶ್ರಮವನ್ನು ತಾಯಂದಿರಿಗಷ್ಟೇ ಬಿಡುವುದು ನ್ಯಾಯವಲ್ಲ. ಹೆಣ್ಣುಮಕ್ಕಳಂತೆಯೇ ಗಂಡುಮಕ್ಕಳೂ ಪರಾತದ ಮುಂದೆ ಕುಳಿತು ಹಿಟ್ಟಿನ ಹದವನ್ನು ಕಲಿಯಲಿ ಎಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.