ಗೃಹೋಪಯೋಗಿ ವಿಚಾರ: ಗಣಕಯಂತ್ರದ ಪೆಟ್ಟಿಗೆಗೆ ದೀಪಾಲಂಕಾರ

ಗಣಕಯಂತ್ರದ ಪೆಟ್ಟಿಗೆಯ ಒಂದು ಪಕ್ಕಕ್ಕೆ ಗಾಜನ್ನು ಹಾಕಿ, ಒಳಗೆ ಬಣ್ಣದ ದೀಪಗಳನ್ನಿಡುವ ಹವ್ಯಾಸವು ಈಗ ಮನೆಗಳಲ್ಲಿಯೂ ಕಾಣಬರುತ್ತಿದೆ. ಮಕ್ಕಳು ಇದನ್ನು ಬಯಸುವರು. ಹಿರಿಯರು ದುಂದುವೆಚ್ಚವೆಂದು ಮೂಗು ಮುರಿಯುವರು. ದೀಪದಿಂದ ಯಂತ್ರದ ವೇಗವು ಎಳ್ಳಷ್ಟೂ ಹೆಚ್ಚದೆಂಬುದು ದಿಟ. ಆದರೆ ರಂಗವಲ್ಲಿಯಿಂದ ತಾನೆ ಮನೆಯ ಗೋಡೆ ಗಟ್ಟಿಯಾದೀತೆ? ಅಲಂಕಾರದಿಂದ ಯಂತ್ರವೇ ಕೆಡದಂತೆ ನೋಡಿಕೊಳ್ಳಬೇಕೆಂಬುದಿಷ್ಟೇ ನಮ್ಮ ಅರಿಕೆ.

ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆಯಿಂದ ಈ ದೀಪಗಳ ಉಳಿದ ವರ್ಣಗಳು ಹುಟ್ಟುವುವು. ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ. 1962ರಲ್ಲಿಯೇ ಬಂದಿತಾದರೂ, ಪ್ರಖರವಾದ ನೀಲಿಯು 1990ರ ದಶಕದವರೆಗೆ ಕೈಗೆಟುಕಲಿಲ್ಲ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಾಕಮುರ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ದೊರೆಯಿತು.

ದೀಪದ ಪಟ್ಟಿಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ನಾಲ್ಕು ಪಿನ್ನುಗಳದ್ದು 12 ವೋಲ್ಟಿನದು. ಅದರಲ್ಲಿ ಇಡೀ ಪಟ್ಟಿಯು ಒಮ್ಮೆಗೆ ಒಂದೇ ಬಣ್ಣವನ್ನು ತೋರುವುದು. ಮೂರು ಪಿನ್ನುಗಳದ್ದು 5 ವೋಲ್ಟಿನದು. ಅದರಲ್ಲಿ ಒಂದೊಂದು ದೀಪವೂ ಬೇರೆ ಬೇರೆ ಬಣ್ಣವನ್ನು ತಳೆಯಬಲ್ಲದು. 5 ವೋಲ್ಟಿನ ಪಟ್ಟಿಗೆ 12 ವೋಲ್ಟು ಹರಿದರೆ ದೀಪಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುವುವು. ಮದರ್‌ಬೋರ್ಡಿಗೂ ಅಪಾಯ ತಪ್ಪಿದ್ದಲ್ಲ. ಆದುದರಿಂದ ಬಣ್ಣಕ್ಕೆ ಮಾರುಹೋಗುವ ಮೊದಲು ಮದರ್‌ಬೋರ್ಡಿನ ಕೈಪಿಡಿಯನ್ನು ತೆರೆದು, ಯಾವ ಜಾತಿಯ ಪಿನ್ನುಗಳಿವೆಯೆಂದು ನೋಡತಕ್ಕದ್ದು. ಸರಾಗವಾಗಿ ಕೂಡದುದನ್ನು ಬಲವಂತದಿಂದ ಒತ್ತಲಾಗದು. ಎರಡೂ ಬಗೆಯ ಪಿನ್ನುಗಳಿಲ್ಲದಿದ್ದರೆ ಪ್ರತ್ಯೇಕವಾದ ಚಿಕ್ಕ ಕಂಟ್ರೋಲರನ್ನು ಕೊಳ್ಳಬಹುದು.

ವಿದ್ಯುತ್ತಿಗೂ ಮಿತಿಯುಂಟು. ಅನೇಕ ಬೋರ್ಡುಗಳಲ್ಲಿ ಈ ಪಿನ್ನುಗಳಿಗೆ 3 ಆಂಪಿಯರು ಮಾತ್ರ. 5 ವೋಲ್ಟಿನ ಸಾಮಾನ್ಯ ದೀಪವೊಂದು ಪೂರ್ಣ ಬಿಳುಪಾಗಿ ಬೆಳಗುವಾಗ ಸುಮಾರು 0.06 ಆಂಪಿಯರನ್ನು ಸೆಳೆಯಬಹುದಾದುದರಿಂದ, 50 ದೀಪಗಳಿಗೆ ಆ ಮಿತಿಯು ಮುಗಿಯಿತು. ಸಾಧಾರಣ ಪೆಟ್ಟಿಗೆಗೆ 30 ದೀಪಗಳೇ ಧಾರಾಳ.

ಜೋಡಿಸುವ ಮುನ್ನ ಯಂತ್ರವನ್ನು ನಿಲ್ಲಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಕಳೆಯಬೇಕು. ತೆಗೆದ ಗಾಜನ್ನು ಟೈಲ್ಸ್ ನೆಲದ ಮೇಲೆ ನಿಲ್ಲಿಸದೆ ದಪ್ಪ ಬಟ್ಟೆಯ ಮೇಲೆ ಮಲಗಿಸುವುದು ಕ್ಷೇಮ. ಅಂಚಿಗೆ ಪೆಟ್ಟಾದರೆ ಅದು ಪುಡಿಪುಡಿಯಾಗುವುದು. ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಕೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಅಂಟಿಸುವ ಜಾಗದ ಧೂಳನ್ನು ಒರಸಬೇಕು. ಪಟ್ಟಿಯನ್ನು ಮೇಲಂಚಿನ ಮರೆಯಲ್ಲಿ ಅಂಟಿಸಿದರೆ ದೀಪವು ಕಣ್ಣಿಗೆ ಚುಚ್ಚದೆ ಬೆಳಕು ಮಾತ್ರ ಯಂತ್ರದ ಮೇಲೆ ಬೀಳುವುದು. ತಂತಿಯು ಫ್ಯಾನಿಗೆ ತಾಗದಂತೆ ಕಟ್ಟಬೇಕು.

ಕೆಲವು ಯಂತ್ರಗಳಲ್ಲಿ ಕೆಲಸ ಮುಗಿಸಿ ನಿಲ್ಲಿಸಿದ ಬಳಿಕವೂ ದೀಪಗಳು ಉರಿಯುತ್ತಿರುವುವು. ಒಂದೇ ಕೋಣೆಯಲ್ಲಿ ಓದು, ನಿದ್ರೆ ಎರಡೂ ನಡೆಯುವ ಮನೆಗಳು ನಮ್ಮಲ್ಲಿ ಬಹಳ. ಯಂತ್ರದ ಸೆಟಿಂಗಿನಲ್ಲಿ ಅದನ್ನು ತಡೆಯಬಹುದಾಗಿದ್ದರೆ ತಡೆಯಿರಿ. ಇಲ್ಲವಾದರೆ ಮಲಗುವಾಗ ಗೋಡೆಯ ಸ್ವಿಚ್ಚನ್ನೇ ಆರಿಸಿರಿ. ಮಕ್ಕಳ ಸಂತೋಷವೂ ಹಿರಿಯರ ನಿದ್ರೆಯೂ ಆಗ ಒಟ್ಟಿಗೆ ಉಳಿಯುವುವು.