ಬ್ರೇಕರ್‌ಗಳಿಗೂ ಸರದಿ ಬೇಕು

ಮೂರನೇ ಮಹಡಿಯ ಮಿಕ್ಸಿ ಶಾರ್ಟ್ ಆದರೆ ಇಡೀ ಕಟ್ಟಡ ಯಾಕೆ ಕತ್ತಲಾಗಬೇಕು? ಮುಂಬೈನ ಸೊಸೈಟಿಗಳಲ್ಲಿ ಹೀಗಾದಾಗ ಬೈಗುಳ ತಿನ್ನುವುದು ಬೆಸ್ಟ್ ಅಥವಾ ಅದಾನಿ. ಕಾರಣ ಮಾತ್ರ ನಮ್ಮದೇ ಮೀಟರ್ ರೂಮಿನಲ್ಲಿರಬಹುದು.

ದೋಷಕ್ಕೆ ಹತ್ತಿರದ ಬ್ರೇಕರ್ ಮೊದಲು ಬೀಳಬೇಕು, ಮೇಲಿನದು ಕಾಯಬೇಕು. ಎಂಜಿನಿಯರುಗಳು ಇದನ್ನು ಕೋಆರ್ಡಿನೇಷನ್ ಅನ್ನುತ್ತಾರೆ. ಅನುವಾದಕರು 'ಹೊಂದಾಣಿಕೆ' ಎಂದು ಬರೆದು ಮುಂದೆ ಹೋಗುತ್ತೇವೆ. ನನಗೆ 'ಸರದಿ' ಹೆಚ್ಚು ಸರಿ ಅನ್ನಿಸುತ್ತದೆ.

ಮನೆಯೊಳಗೆ 16 ಆಂಪಿಯರ್, ಕೆಳಗೆ ಮೀಟರ್ ಬಳಿ 63 ಆಂಪಿಯರ್ ಹಾಕಿದರೆ ಸರದಿ ತಾನಾಗಿ ಬಂತು ಎಂದುಕೊಳ್ಳುತ್ತೇವೆ. ಓವರ್‌ಲೋಡಿನ ಮಟ್ಟಿಗೆ ಅದು ನಿಜ, ಶಾರ್ಟ್ ಸರ್ಕ್ಯೂಟಿಗೆ ಅಲ್ಲ. ಸಿ ಮಾದರಿಯ ಎಂಸಿಬಿ ತನ್ನ ರೇಟಿಂಗಿನ 5ರಿಂದ 10 ಪಟ್ಟು ಕರೆಂಟಿಗೆ ಕ್ಷಣಾರ್ಧದಲ್ಲಿ ಬೀಳುತ್ತದೆ. 63ರದ್ದನ್ನು ಬೀಳಿಸಲು ಹೆಚ್ಚೆಂದರೆ 630 ಆಂಪಿಯರ್ ಸಾಕು. ಕಾಂಪೌಂಡಿನಲ್ಲೇ ಸಬ್‌ಸ್ಟೇಷನ್ ಇರುವ ಕಟ್ಟಡದಲ್ಲಿ ಶಾರ್ಟ್ ಕರೆಂಟ್ ಸಾವಿರ ಆಂಪಿಯರ್ ದಾಟಬಹುದು. ಆಗ ಎರಡೂ ಒಟ್ಟಿಗೆ ಬೀಳಬಹುದು. ಅದರ ಮೇಲಿನದೂ ಹಾಗೆಯೇ ಇದ್ದರೆ ಇಡೀ ಕಟ್ಟಡ ಹೋಗುತ್ತದೆ.

ಉಪಾಯ ಇದೆ: ತುಸು ಹೊತ್ತು ಕಾಯಬಲ್ಲ ಬ್ರೇಕರನ್ನು ಮುಖ್ಯ ಪ್ಯಾನಲಿನಲ್ಲಿ ಹಾಕುವುದು, ಉಳಿದವನ್ನು ತಯಾರಕರ ಸೆಲೆಕ್ಟಿವಿಟಿ ಪಟ್ಟಿ ನೋಡಿ ಜೋಡಿಸುವುದು. ಕಾಯುವಿಕೆಗೂ ಬೆಲೆಯಿದೆ. ಅಷ್ಟು ಹೊತ್ತು ಕೇಬಲ್, ಬಸ್‌ಬಾರ್ ಆ ಬಿಸಿಯನ್ನು ತಾಳಬೇಕು. ಬಿಲ್ಡರ್ ಉಳಿಸಲು ನೋಡುವುದು ಈ ದುಡ್ಡನ್ನೇ.

ರೀಡೆವಲಪ್‌ಮೆಂಟ್ ಒಪ್ಪಂದದಲ್ಲಿ ಕಾರ್ಪೆಟ್ ಏರಿಯಾ, ಪಾರ್ಕಿಂಗ್‌ಗಾಗಿ ವರ್ಷಗಟ್ಟಲೆ ಚೌಕಾಸಿ ಮಾಡುತ್ತೇವೆ. ಕೋಆರ್ಡಿನೇಷನ್ ಸ್ಟಡಿಯ ವರದಿ ಕೊಡಬೇಕೆಂಬ ಒಂದು ಸಾಲನ್ನೂ ಬರೆಸೋಣ. 20ನೇ ಮಹಡಿಯಲ್ಲಿ ಆಕ್ಸಿಜನ್ ಯಂತ್ರಕ್ಕೆ ಅಂಟಿಕೊಂಡಿರುವ ಅಜ್ಜಿಯ ಉಸಿರು ಇನ್ಯಾರದೋ ಮಿಕ್ಸಿಯನ್ನು ನೆಚ್ಚಿಕೊಂಡಿರಬಾರದು.